ಟ್ರೋಜನ್ ಡಿಲೀಟ್ ಆಯ್ತು, ಪಾಸ್‌ವರ್ಡ್ ಕತೆ ಏನು?

ಮನೆ ಕಂಪ್ಯೂಟರ್‌ನಲ್ಲಿ ವಿಂಡೋಸ್ ಜೊತೆಗೇ ಬರುವ ಆಂಟಿವೈರಸ್, ವಿಂಡೋಸ್ ಡಿಫೆಂಡರ್, ಒಂದು ಟ್ರೋಜನ್ (ಒಳ್ಳೆಯ ಪ್ರೋಗ್ರಾಂ ವೇಷದಲ್ಲಿ ಒಳಗೆ ಬರುವ ಕಳ್ಳ ಪ್ರೋಗ್ರಾಂ) ಹಿಡಿಯಿತು. ಹೆಸರು ‘ವಾಕಾಟಾಕ್’, ಕೊನೆಗೆ ‘ಎಂಎಲ್’ ಅಂತ ಬಾಲ ಬೇರೆ. ಆ ಬಾಲ ಮುಖ್ಯ. ಅದು ಮಷೀನ್ ಲರ್ನಿಂಗ್. ಅಂದರೆ ಡಿಫೆಂಡರ್‌ಗೆ ಈ ಫೈಲ್ ಮೊದಲೇ ಗೊತ್ತಿತ್ತು ಅಂತಲ್ಲ, ಲಕ್ಷಣ ನೋಡಿ ಅನುಮಾನಪಟ್ಟಿದೆ ಅಷ್ಟೇ. ಏನೂ ತಪ್ಪು ಮಾಡದ ಸಣ್ಣಪುಟ್ಟ ಸಾಫ್ಟ್‌ವೇರ್‌ಗಳೂ ಒಮ್ಮೊಮ್ಮೆ ಹೀಗೆ ಸಿಕ್ಕಿಬೀಳುತ್ತವೆ.

ಹಾಗಂತ ಸುಮ್ನೆ ‘ಅಲೋ’ (ಇರಲಿ ಬಿಡು) ಒತ್ತುವುದಲ್ಲ. ಡಿಫೆಂಡರ್‌ನ ಪ್ರೊಟೆಕ್ಷನ್ ಹಿಸ್ಟರಿಯಲ್ಲಿ ಫೈಲ್ ಎಲ್ಲಿ ಸಿಕ್ಕಿತು ಅಂತ ಇರುತ್ತದೆ, ಅದನ್ನು ಓದಿ. ಡೌನ್‌ಲೋಡ್ಸ್ ಫೋಲ್ಡರ್‌ನಲ್ಲೇ ಬಿದ್ದಿದ್ದು, ಯಾರೂ ಅದನ್ನು ತೆರೆದಿಲ್ಲ ಅಂದರೆ ಬಚಾವ್. ನಮ್ಮ ಮನೆಯದು ಪ್ರೋಗ್ರಾಂಗಳು ತಮ್ಮ ಡೇಟಾ ಇಟ್ಟುಕೊಳ್ಳುವ ಆಪ್‌ಡೇಟಾ ಫೋಲ್ಡರ್ ಒಳಗೆ ಹೋಗಿ ಕೂತಿತ್ತು. ಹೇಳಿದ ಹೊತ್ತಿಗೆ ಪ್ರೋಗ್ರಾಂಗಳನ್ನು ತಾನಾಗಿ ಶುರುಮಾಡುವ ಟಾಸ್ಕ್ ಶೆಡ್ಯೂಲರ್‌ನಲ್ಲಿ ನಾವ್ಯಾರೂ ಹಾಕದ ಒಂದು ಟಾಸ್ಕ್. ಇನ್ನೂ ಕೆಟ್ಟದ್ದು ಅಂದರೆ ಡಿಫೆಂಡರ್‌ನ ಎಕ್ಸ್‌ಕ್ಲೂಷನ್ಸ್ ಪಟ್ಟಿಯಲ್ಲಿ ಒಂದು ಫೋಲ್ಡರ್ ಸೇರಿಕೊಂಡಿತ್ತು, ಅಂದರೆ ‘ಇಲ್ಲಿ ಹುಡುಕಬೇಡ’ ಅಂತ ಕಳ್ಳನೇ ಕಾವಲುಗಾರನಿಗೆ ಹೇಳಿಟ್ಟ ಹಾಗೆ. ಅಲ್ಲಿಗೆ ಅನುಮಾನ ಮುಗಿಯಿತು. ಇದು ಕಂಪ್ಯೂಟರ್‌ನಲ್ಲಿ ರನ್ ಆಗಿದೆ.

ಮೊದಲು ನೆಟ್ ಕಿತ್ತೆ. ಆಮೇಲೆ ಡಿಫೆಂಡರ್‌ನದೇ ಆಫ್‌ಲೈನ್ ಸ್ಕ್ಯಾನ್. ಇದರಲ್ಲಿ ಕಂಪ್ಯೂಟರ್ ರೀಸ್ಟಾರ್ಟ್ ಆಗಿ, ಮಾಮೂಲಿ ವಿಂಡೋಸ್ ಶುರುವಾಗುವ ಮೊದಲೇ ಹುಡುಕಾಟ ನಡೆಯುತ್ತದೆ, ಹಾಗಾಗಿ ಅಡಗಿಕೊಳ್ಳುವ ಪ್ರೋಗ್ರಾಂಗಳಿಗೆ ಆಟ ಆಡಲು ಜಾಗ ಇರುವುದಿಲ್ಲ. ಸುಮಾರು 15 ನಿಮಿಷದ ಕೆಲಸ. ‘ರಿಮೂವ್ಡ್’ ಅಂತ ಬಂತು.

ಎಲ್ಲರೂ ನಿಟ್ಟುಸಿರು ಬಿಡುವುದು ಇಲ್ಲೇ. ನನಗೆ ಭಯ ಶುರುವಾಗಿದ್ದೂ ಇಲ್ಲೇ. ಫೈಲ್ ಹೋಯಿತು ಸರಿ, ಆದರೆ ಅದು ಆಗಲೇ ಕದ್ದು ಕಳಿಸಿದ್ದು ವಾಪಸ್ ಬರುತ್ತಾ? ಈಗಿನ ಎಷ್ಟೋ ಟ್ರೋಜನ್‌ಗಳಿಗೆ ಬೇಕಾಗಿರುವುದು ಬ್ರೌಸರ್‌ನಲ್ಲಿ ಸೇವ್ ಮಾಡಿದ ಪಾಸ್‌ವರ್ಡ್ ಮತ್ತು ಕುಕಿಗಳು (ನೀವು ಲಾಗಿನ್ ಆಗಿದ್ದೀರಿ ಅಂತ ಸೈಟ್‌ಗೆ ನೆನಪಿಸುವ ಸಣ್ಣ ಫೈಲ್‌ಗಳು). ಕುಕಿ ಸಿಕ್ಕರೆ ನಿಮ್ಮ ಲಾಗಿನ್ನೇ ಸಿಕ್ಕಂತೆ, ಎಷ್ಟೋ ಕಡೆ ಓಟಿಪಿಯನ್ನೂ ಕೇಳುವುದಿಲ್ಲ. ಹಾಗಾಗಿ ಪಾಸ್‌ವರ್ಡ್ ಬದಲಿಸಿದರಷ್ಟೇ ಸಾಲದು, ಎಲ್ಲ ಡಿವೈಸ್‌ಗಳಿಂದಲೂ ಸೈನ್ ಔಟ್ ಮಾಡಬೇಕು. ಇದನ್ನೆಲ್ಲ ಅದೇ ಕಂಪ್ಯೂಟರ್‌ನಲ್ಲಿ ಕೂತು ಮಾಡಿದರೆ ಹೊಸ ಪಾಸ್‌ವರ್ಡನ್ನೂ ಕಳ್ಳನ ಕೈಗೆ ಕೊಟ್ಟ ಹಾಗೆ ಆಗಬಹುದು, ಅದಕ್ಕೇ ಫೋನ್‌ನಿಂದ ಮಾಡಿದೆ. ಮೊದಲು ಇಮೇಲ್, ಯಾಕೆಂದರೆ ಮಿಕ್ಕ ಅಕೌಂಟ್‌ಗಳ ರೀಸೆಟ್ ಲಿಂಕ್ ಬರುವುದು ಅಲ್ಲಿಗೇ. ಆಮೇಲೆ ಬ್ಯಾಂಕ್. ಇಮೇಲ್ ಸೆಟ್ಟಿಂಗ್ಸ್‌ನಲ್ಲಿ ಫಾರ್ವರ್ಡಿಂಗ್, ರಿಕವರಿ ನಂಬರ್ ಕಳ್ಳ ಬದಲಿಸಿದ್ದಾನಾ ಅಂತ ಕೂಡ ನೋಡಿ. ಇದನ್ನು ತುಂಬಾ ಜನ ಮರೆಯುತ್ತಾರೆ.

ಕೊನೆಗೆ ಫೋಟೋ, ಡಾಕ್ಯುಮೆಂಟ್ ಮಾತ್ರ ಕಾಪಿ ಮಾಡಿಕೊಂಡು ಡ್ರೈವ್ ಪೂರ್ತಿ ಅಳಿಸಿ ವಿಂಡೋಸ್ ಹೊಸದಾಗಿ ಹಾಕಿದೆ. ಹಳೆಯ ಸೆಟಪ್ ಫೈಲ್ ಒಂದನ್ನೂ ಉಳಿಸಲಿಲ್ಲ. ವಿಂಡೋಸ್ ಹಾಕುವ ಯುಎಸ್‌ಬಿ ತಯಾರಿಸಿದ್ದು ಬೇರೆ ಕಂಪ್ಯೂಟರ್‌ನಲ್ಲಿ. ಸ್ಕ್ಯಾನ್ ಕ್ಲೀನ್ ಬಂದ ಮೇಲೂ ಇಷ್ಟು ಬೇಕಾ ಅಂತ ಮನೆಯಲ್ಲಿ ಕೇಳಿದರು. ರನ್ ಆದ ಟ್ರೋಜನ್ ವಿಷಯದಲ್ಲಿ ನನ್ನ ಮಟ್ಟಿಗೆ ಬೇಕು, ಬ್ಯಾಂಕ್ ಸೈಟ್ ತೆರೆದಾಗಲೆಲ್ಲ ಅನುಮಾನಪಡುತ್ತಾ ಕೂರುವುದಕ್ಕಿಂತ ಒಂದು ಭಾನುವಾರ ಹಾಳಾದರೂ ಪರವಾಗಿಲ್ಲ. ಈಗ ಎಲ್ಲರಿಗೂ ಸ್ಟ್ಯಾಂಡರ್ಡ್ ಅಕೌಂಟ್, ಅಡ್ಮಿನ್ ಬೇರೆ. ಏನಾದರೂ ಇನ್‌ಸ್ಟಾಲ್ ಮಾಡಲು ಹೊರಟರೆ ಪಾಸ್‌ವರ್ಡ್ ಕೇಳುತ್ತದೆ ಅಂತ ಗೊಣಗಾಟ ಶುರುವಾಗಿದೆ. ಗೊಣಗಲಿ ಬಿಡಿ.