ಅವ್ವನ ಹರಕೆ, ಎದೆಮಟ್ಟದ ನೀರು

ಬೀದರ್‌ಗೆ ಬಂದು ಇನ್ನೂ ಮೂರು ದಿನ ಆಗಿರಲಿಲ್ಲ, ಅವ್ವ ಹರಕೆಯ ಮಾತು ತೆಗೆದಳು. ನಾನು ಹಡಗು ಹತ್ತಿದ ದಿನವೇ ಝರಣಿ ನರಸಿಂಹನಿಗೆ ಬೇಡಿಕೊಂಡಿದ್ದಳಂತೆ: "ನನ್ನ ಮಗಳು ಆ ನೀರಿನಿಂದ ಹೊರಳಿ ಬರಲಿ, ನಿನ್ನ ನೀರಿಗೆ ಕರ್ಕೊಂಡು ಬರ್ತೀನಿ." ದೇವರ ಜೊತೆ ಅವ್ವನ ಲೆಕ್ಕ ಯಾವಾಗಲೂ ಹೀಗೇ, ನೀರಿಗೆ ನೀರು.

ಅಂಟಾರ್ಕ್ಟಿಕಾದ ಸುತ್ತಲಿನ ದಕ್ಷಿಣ ಸಾಗರದಲ್ಲಿ ಎರಡು ತಿಂಗಳು ನನ್ನ ಕೆಲಸ ನೀರು ತುಂಬುವುದೇ ಆಗಿತ್ತು. ಆಳ, ಉಷ್ಣತೆ, ಉಪ್ಪಿನಂಶ ಅಳೆಯುವ ಯಂತ್ರವನ್ನು ಕೇಬಲ್‌ಗೆ ಕಟ್ಟಿ ಸಮುದ್ರಕ್ಕೆ ಇಳಿಸುತ್ತಾರೆ. ಅದರ ಸುತ್ತ ಉದ್ದನೆಯ ಬಾಟಲಿಗಳು. ಮೇಲೆ ಬರುತ್ತಾ ಒಂದೊಂದು ಆಳದಲ್ಲಿ ಒಂದೊಂದು ಮುಚ್ಚಿಕೊಳ್ಳುತ್ತದೆ. ಡೆಕ್‌ಗೆ ಬಂದ ಕೂಡಲೇ ನಾವು ಅವುಗಳ ನಲ್ಲಿಯಿಂದ ಚಿಕ್ಕ ಬಾಟ್ಲಿಗಳಿಗೆ ನೀರು ಹಿಡಿಯಬೇಕು. ಮೊದಲು ಆಮ್ಲಜನಕ ನೋಡುವುದಕ್ಕೆ, ಹೊರಗಿನ ಗಾಳಿ ಸೇರುವ ಮುಂಚೆ. ಉಪ್ಪಿನಂಶಕ್ಕಾದರೆ ಬಾಟ್ಲಿಯನ್ನು ಅದೇ ನೀರಿನಲ್ಲಿ ಮೂರು ಸಲ ಕುಲುಕಿ ಚೆಲ್ಲಿ, ಆಮೇಲೆ ತುಂಬಬೇಕು. 60 ಡಿಗ್ರಿ ಅಕ್ಷಾಂಶ ದಾಟಿದ ಮೇಲೆ ಆ ನೀರು ಸೊನ್ನೆಯ ಆಸುಪಾಸಿನಲ್ಲಿ ಇರುತ್ತದೆ. ಉಪ್ಪು ಇರುವುದರಿಂದ ಮೈನಸ್ 1.8ರ ತನಕ ಹೆಪ್ಪುಗಟ್ಟುವುದಿಲ್ಲ, ಅಷ್ಟೇ. ನನ್ನ ಬೆರಳು ನನ್ನವು ಅನಿಸುತ್ತಲೇ ಇರಲಿಲ್ಲ.

ಬಿದ್ದರೆ ಏನಾಗುತ್ತದೆ ಅಂತ ಮೊದಲೇ ಹೇಳಿಕೊಟ್ಟಿದ್ದರು. ಉಸಿರು ಹತೋಟಿಗೆ ಬರಲು ಒಂದು ನಿಮಿಷ. ಕೈಕಾಲು ಮಾತು ಕೇಳುವುದು ಹತ್ತು ನಿಮಿಷ. ಎಚ್ಚರ ಇರುವುದು ಒಂದು ಗಂಟೆ. ಈ ಪಾಠ ನನಗಿಂತ ಜಾಸ್ತಿ ನನ್ನ ಮೈಗೆ ಗಟ್ಟಿಯಾಯಿತು.

ಜನವರಿಯಲ್ಲಿ ಅಲ್ಲಿ ನಡುರಾತ್ರಿಯೂ ಮುಸ್ಸಂಜೆಯ ಹಾಗೆ ಇರುತ್ತದೆ. ಹಗಲೂ ಅಲ್ಲ, ಇರುಳೂ ಅಲ್ಲ. ನರಸಿಂಹ ಕಂಬ ಒಡೆದು ಬಂದದ್ದು ಇಂಥ ಹೊತ್ತಿನಲ್ಲೇ ಅಲ್ವಾ? ರೇಲಿಂಗ್ ಹಿಡಿದು ನಿಂತಾಗ ಒಂದೆರಡು ಸಲ ಕೈ ಮುಗಿದದ್ದುಂಟು. ಕೈಗವಸು ಹಾಕಿಕೊಂಡೇ, ಯಾರೂ ನೋಡದ ಹಾಗೆ.

ಝರಣಿಯ ದರ್ಶನ ಗೊತ್ತಿಲ್ಲದವರಿಗೆ ಹೇಳುತ್ತೇನೆ. ಸುಮಾರು 300 ಮೀಟರ್ ಉದ್ದದ ಸುರಂಗ, ಸೊಂಟದಿಂದ ಎದೆಯವರೆಗೆ ನೀರು, ತಲೆಯ ಮೇಲೆ ಬಾವಲಿಗಳು. ಅದರ ಕೊನೆಯಲ್ಲಿ ಕಲ್ಲುಗೋಡೆಯಲ್ಲಿ ನರಸಿಂಹ, ಪಕ್ಕದಲ್ಲೇ ಶಿವಲಿಂಗ. ಬೀದರಿನ ನೆಲವೇ ಹಾಗೆ. ಮೇಲೆ ತೂತುತೂತಿನ ಜಂಬಿಟ್ಟಿಗೆ, ಕೆಳಗೆ ಗಟ್ಟಿ ಕರಿಕಲ್ಲು. ಇಳಿದ ಮಳೆನೀರು ಕರಿಕಲ್ಲಿನ ಮೇಲೆ ನಿಂತು, ದಾರಿ ಸಿಕ್ಕಲ್ಲಿ ಪಕ್ಕಕ್ಕೆ ಒಸರುತ್ತದೆ. ಪಾಪನಾಶದಲ್ಲೂ ಊಟೆ ಇದೆ, ಗುರುನಾನಕ್ ಝೀರಾದಲ್ಲೂ ಇದೆ. ಎಲ್ಲ ಸಿಹಿನೀರು. ಸುತ್ತ ಕಣ್ಣು ಹಾಯುವಷ್ಟು ನೀರಿದ್ದರೂ ಒಂದು ಗುಟುಕು ಕುಡಿಯಲಾಗದ ಕಡೆ ಇದ್ದು ಬಂದವಳಿಗೆ ಇದು ಸಣ್ಣ ಮಾತಲ್ಲ.

ಆದರೂ ಕೊನೆಯ ಮೆಟ್ಟಿಲಲ್ಲಿ ನನ್ನ ಕಾಲು ನಿಂತುಬಿಟ್ಟಿತು. ನೀರು ಬೆಚ್ಚಗೇ ಇತ್ತು, 25 ಡಿಗ್ರಿ ಇದ್ದೀತು ಅಂತ ತಲೆ ಅಂದಾಜು ಮಾಡುತ್ತಿತ್ತು. ಎದೆ ಮಾತ್ರ ಆ ಒಂದು ನಿಮಿಷ ಎಣಿಸತೊಡಗಿತ್ತು. ಹಿಂದೆ ಜನ ಗೋವಿಂದಾ ಗೋವಿಂದ ಅಂತ ಕೂಗುತ್ತಿದ್ದರು. ಹೆಗಲ ಮೇಲೆ ಕೂಸು ಕೂರಿಸಿಕೊಂಡ ಒಬ್ಬರು "ತಂಗಿ, ಜರಾ ಸರೀರಿ" ಅಂದರು.

ಅವ್ವನಿಗೆ ಈಜು ಬರುವುದಿಲ್ಲ. ಮಂಡಿ ನೋವು ಬೇರೆ. ಅವಳು ಸೆರಗು ಬಿಗಿದು ಇಳಿದೇಬಿಟ್ಟಳು. ಹೊರಳಿ ನೋಡಿ, "ಯಾಕ ನಿಂತಿ? ಅಂಜಬ್ಯಾಡ, ಇದು ಅವನ ಕಾಲು ತೊಳೆಯೋ ನೀರು" ಅಂತ ನನ್ನ ಮಣಿಕಟ್ಟು ಹಿಡಿದಳು.

ಆಗ ಜಲಾಸುರನ ಕಥೆ ನೆನಪಾಯಿತು. ಶಿವಭಕ್ತನಾದ ಆ ರಕ್ಕಸ ಸಾಯುವಾಗ ನರಸಿಂಹನನ್ನು ಇಲ್ಲೇ ಇರು ಅಂತ ಬೇಡಿಕೊಂಡ, ತಾನು ನೀರಾಗಿ ಅವನ ಪಾದದಲ್ಲಿ ಹರಿದ. ಅಂದರೆ ನಾವು ನಡೆಯುವುದು ರಕ್ಕಸನೊಳಗೇ! ಚಿಕ್ಕಂದಿನಿಂದ ಕೇಳಿದ ಕಥೆ, ಯಾವತ್ತೂ ಹೀಗೆ ಹೊಳೆದಿರಲಿಲ್ಲ. ದೇವರು ಆ ನೀರನ್ನು ಬತ್ತಿಸಲಿಲ್ಲ. ಅದರಲ್ಲೇ ನಿಂತ. ಜನ ಕೂಸುಗಳನ್ನು ಹೊತ್ತು ಅದರಲ್ಲೇ ಹಾದು ಬರುತ್ತಾರೆ.

ಇಳಿದೆ. ಮೊದಲ ಹತ್ತು ಹೆಜ್ಜೆ ಅವ್ವನ ಬೆನ್ನು ಬಿಟ್ಟು ಬೇರೇನೂ ನೋಡಲಿಲ್ಲ. ಆಮೇಲೆ ಉಸಿರು ತಾನಾಗಿ ಸರಿಹೋಯಿತು. ಕೊನೆಯಲ್ಲಿ ಜಾಗ ಇಕ್ಕಟ್ಟು, ಸರದಿ ಬರುವ ತನಕ ನೀರಲ್ಲೇ ಕಾಯಬೇಕು. ಕಾದೆವು. ದರ್ಶನಕ್ಕೆ ಸಿಕ್ಕಿದ್ದು ಅರೆನಿಮಿಷ. ನಾನು ಏನೂ ಬೇಡಲಿಲ್ಲ. ಬೇಡಬೇಕಾದ್ದನ್ನೆಲ್ಲ ಅವ್ವ ಮೊದಲೇ ಬೇಡಿಯಾಗಿತ್ತು.

ವಾಪಸ್ ಬರುವಾಗ ಅವಳು ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದ ಬಾಟ್ಲಿ ತೆಗೆದಳು. ಸ್ವಲ್ಪ ನೀರು ತುಂಬಿ ಕುಲುಕಿ ಚೆಲ್ಲಿದಳು. ಮತ್ತೆ ಒಂದು ಸಲ. ಮತ್ತೆ ಒಂದು ಸಲ. ಆಮೇಲೆ ತುಂಬಿಸಿಕೊಂಡಳು.

"ಮೂರು ಸಲ ಯಾಕವ್ವಾ?" ಅಂದೆ.

"ದೇವರ ನೀರು. ಇದ್ರಾಗ ಹಿಂದಿನ ನೀರು ಕೂಡಬಾರ್ದು" ಅಂದಳು, ಮುಚ್ಚಳ ತಿರುವುತ್ತಾ.