14 ಸೆಕೆಂಡಿನ ಆಟ

ಪಲ್ಲವಿಗಿಂತ ಮೊದಲ 14 ಸೆಕೆಂಡ್ ಬರೇ ವಾದ್ಯ ಇತ್ತಂದ್ರ ರೇಡಿಯೋದಾಗ ಹಾಡು ಹಚ್ಚಿ ಮಾತಾಡೂ ಆರ್‌ಜೆ ಮಾತು 12ಕ್ಕ ಮುಗೀಬೇಕು. ಹಾಡುವವರ ಮೊದಲ ಅಕ್ಷರದ ಮ್ಯಾಲ ಮಾತು ಬಿತ್ತಂದ್ರ ಅನ್ನದಾಗ ಕಲ್ಲು ಕಡಿದಂಗ. ಮಾತಾಡುವಾಗ ಹಾಡಿನ ಫೇಡರ್ (ಧ್ವನಿ ಏರಿಸಿ ಇಳಿಸೂ ಪಟ್ಟಿ) ಇಳಿಸಿ, ಮುಗಿಯೂ ಮುಂದ ನಿಧಾನ ಏರಿಸೂದು. ಗಕ್ಕನ ಏರಿಸಿದ್ರ ಕೈ ತಪ್ಪಿದ್ದು ಊರಿಗೆಲ್ಲ ಗೊತ್ತಾಗ್ತದ. (ಇದಕ್ಕ ‘ಬರೇ ಮಾತಾಡೂ ಕೆಲಸ’ ಅಂತಾರ!)

ಮೈಕ್ ಬಾಯಿಂದ ಗೇಣಿಗಿಂತ ಚೂರು ಕಮ್ಮಿ ದೂರ, ಸ್ವಲ್ಪ ಓರೆ ಇರಲಿ. ನೆಟ್ಟಗ ಇಟ್ರ ‘ಪ’, ‘ಬ’ ಬಂದಾಗೆಲ್ಲ ಉಸಿರು ಬಡಿದು ಧಡ್ ಅಂತದ. ‘ಬಾಗಲಕೋಟಿ, ಬಾದಾಮಿ, ಬೀಳಗಿ, ಪಟ್ಟದಕಲ್ಲ’ ಅಂತ ಒಂದೇ ಉಸಿರಿನಾಗ ಹೇಳಿ ನೋಡ್ರಿ, ತಿಳೀತದ.

ಮೈಕ್ ತೆರೆದ ಕೂಡಲೇ ಸ್ಟುಡಿಯೋ ಸ್ಪೀಕರ್ ಬಂದ್ ಆಗಬೇಕು. ಇಲ್ಲಂದ್ರ ಅದರ ಧ್ವನಿ ತಿರುಗಿ ಮೈಕಿಗೇ ಹೊಕ್ಕು ಕುಯ್ಯೋ ಅಂತದ. ಹೆಡ್‌ಫೋನ್ ಹಾಕ್ಕೊಳ್ಳೂದು ಅದಕ್ಕ, ಚಂದಕ್ಕಲ್ಲ.

ಮುಂದಿನ ಹಾಡು ಕೈಕೊಟ್ರ ಹಚ್ಚಾಕ ಇನ್ನೊಂದು ಯಾವಾಗಲೂ ತಯಾರಿರಲಿ.

ಇನ್ನ ಊರ ಹೆಸರು. ಬೆಳಗಾವಿ ಕಡೆಯಿಂದ ಇಂಗ್ಲಿಷ್ ಅಕ್ಷರದಾಗ ಬಂದ ಕೇಳುಗರ ಮೆಸೇಜ್ ಮೊದಲ ಬಾಯಾಗ ಒಮ್ಮೆ ಆಡಿಸ್ಕೋಬೇಕು. ಹಳ್ಳೂರ ಹೋಗಿ ಹಲ್ಲೂರ ಆತಂದ್ರ ಆ ಊರವರು ಸುಮ್ನ ಬಿಡಂಗಿಲ್ಲ.