ರಜೆಗೆ ಮುಂಚಿನ ಸೂಪರ್‌ವಿಷನ್

ಫ್ರಾಯ್ಡ್ ಪರಂಪರೆಯಲ್ಲಿ ಮನೋವಿಶ್ಲೇಷಣೆ (ಮಾತಾಡಿಸುತ್ತ ಮನಸ್ಸಿನ ಆಳ ಅರಿಯುವ ಚಿಕಿತ್ಸೆ) ಕಲಿಯುವವರು ತಾವೇ ವರ್ಷಗಟ್ಟಲೆ ವಿಶ್ಲೇಷಣೆಗೆ ಒಳಗಾಗಬೇಕು, ಸೆಮಿನಾರುಗಳಲ್ಲಿ ಓದಬೇಕು, ಹಿರಿಯರೊಬ್ಬರ ಸೂಪರ್‌ವಿಷನ್ನಿನಲ್ಲಿ ಪೇಷೆಂಟುಗಳನ್ನು ನೋಡಬೇಕು. 1920ರ ದಶಕದಲ್ಲಿ ಫ್ರಾಯ್ಡರ ಶಿಷ್ಯ ಮ್ಯಾಕ್ಸ್ ಐಟಿಂಗಾನ್ ಮತ್ತು ಸಂಗಡಿಗರು ಬರ್ಲಿನ್ನಿನಲ್ಲಿ ರೂಪಿಸಿದ ಪದ್ಧತಿಯಿದು. 1922ರಲ್ಲಿ ಕಲ್ಕತ್ತೆಯಲ್ಲಿ ಇಂಡಿಯನ್ ಸೈಕೋಅನಲಿಟಿಕಲ್ ಸೊಸೈಟಿ ಕಟ್ಟಿದ ಗಿರೀಂದ್ರಶೇಖರ ಬೋಸರಿಗೆ ಇಂಥ ಗುರುಗಳೇ ಇರಲಿಲ್ಲ. ಫ್ರಾಯ್ಡರ ಜೊತೆ ಅವರಿಗಿದ್ದದ್ದು ಪತ್ರವ್ಯವಹಾರ ಮಾತ್ರ.

ಸೂಪರ್‌ವಿಷನ್ನಿಗೆ ಟ್ರೇನಿ ತರುವುದು 50 ನಿಮಿಷದ ಒಂದು ಸೆಷನ್ನಿನ ಟಿಪ್ಪಣಿ. ಸೆಷನ್ ಮುಗಿದ ಕೂಡಲೇ ನೆನಪಿನಿಂದ ಬರೆದದ್ದು. ನಡುವೆ ಬರೆಯುವುದು ಬೇಡವೆಂದು ಫ್ರಾಯ್ಡ್ 1912ರಲ್ಲೇ ಹೇಳಿದ್ದರು. ಬರೆಯುತ್ತ ಕೂತರೆ ಗಮನ ಅರ್ಧ ಕಾಗದದ ಮೇಲಿರುತ್ತದೆ. ಯಾವ ಮಾತಿಗೆ ಪೆನ್ನು ಓಡಿತೆಂಬುದು ಮಂಚದ ಮೇಲೆ ಮಲಗಿ ಮಾತಾಡುವ ಪೇಷೆಂಟಿಗೂ ಕೇಳಿಸುತ್ತದೆ. ಯಾರು ಏನಂದರು, ಎಲ್ಲಿ ಸುಮ್ಮನಾದರು, ಎಲ್ಲವೂ ನಡೆದ ಕ್ರಮದಲ್ಲೇ ಇರಬೇಕು. 'ಅಮ್ಮನ ಬಗ್ಗೆ ಬೇಸರದಿಂದ ಮಾತಾಡಿದರು' ಎಂದು ಬರೆದು ತಂದರೆ ಅದರಿಂದ ಏನೂ ಹೊರಡುವುದಿಲ್ಲ.

ಆಗಾಗ ಎದುರಾಗುವ ಸಂದರ್ಭವೊಂದನ್ನು ನೋಡೋಣ. ಪೇಷೆಂಟ್ ಹತ್ತು ನಿಮಿಷ ತಡವಾಗಿ ಬರುತ್ತಾರೆ.

"ಸಾರಿ ಮೇಡಂ, ಟ್ರಾಫಿಕ್ಕು."

"ಪರವಾಗಿಲ್ಲ, ಬಿಡಿ."

ಆಮೇಲೆ ಉದ್ದದ ಮೌನ, ಮತ್ತೆ ಆಫೀಸಿನ ಸುದ್ದಿ. ಕೊನೆಯಲ್ಲಿ ಟ್ರೇನಿ ಹತ್ತು ನಿಮಿಷ ಹೆಚ್ಚು ಕೊಡುತ್ತಾರೆ. ಹಿಂದಿನ ಟಿಪ್ಪಣಿ ತೆಗೆದರೆ ಅಲ್ಲಿದೆ ಕಾರಣ: ಎರಡು ವಾರ ತಾವು ರಜೆಯೆಂದು ಟ್ರೇನಿ ಹೇಳಿದ್ದಾರೆ. ಪೇಷೆಂಟಿಗೆ ಬಂದಿದ್ದ ಸಿಟ್ಟು ಹೊರಬೀಳುವ ಮೊದಲೇ 'ಪರವಾಗಿಲ್ಲ' ಅದರ ಬಾಯಿ ಮುಚ್ಚಿಸಿತು. ಆ ಮಾತೂ ಹತ್ತು ನಿಮಿಷದ ಉಡುಗೊರೆಯೂ ರಜೆ ಹಾಕಿದ ಟ್ರೇನಿಯ ಅಪರಾಧಿ ಭಾವದಿಂದ ಬಂದದ್ದು. ಅಲ್ಲಿ ಸುಮ್ಮನೆ ಕಾಯಬೇಕಿತ್ತು. ಮೌನ ತೀರಾ ಬೆಳೆದರೆ "ಹೋದ ಸಲ ನನ್ನ ರಜೆಯ ವಿಷಯ ಹೇಳಿದ್ದೆ" ಎಂದರೆ ಸಾಕು. ತಡವಾಗಿ ಬಂದರೂ ಮುಗಿಯುವ ಹೊತ್ತು ಬದಲಾಗಬಾರದು.

ಆ ಅಪರಾಧಿ ಭಾವ ಟ್ರೇನಿಗೆ ಯಾಕೆ ಬಂತೆಂದು ಸೂಪರ್‌ವೈಸರ್ ಕೆದಕಬಾರದು. ತೋರಿಸಿ ಬಿಡಬೇಕು, ಅದು ಅವರ ಸ್ವಂತ ವಿಶ್ಲೇಷಣೆಗೆ ಹೋಗಬೇಕಾದದ್ದು. ಟ್ರೇನಿಯ ಮೊದಲ ಕೇಸಿನ ಸೂಪರ್‌ವಿಷನ್ನನ್ನು ಅವರನ್ನು ವಿಶ್ಲೇಷಿಸುವವರೇ ಮಾಡಲಿ ಎಂದು ಬುಡಾಪೆಸ್ಟಿನ ವಿಶ್ಲೇಷಕರು ವಾದಿಸಿದ್ದರು. ಬರ್ಲಿನ್ನಿನವರು ಸ್ವಂತ ವಿಶ್ಲೇಷಣೆ, ಸೂಪರ್‌ವಿಷನ್ ಎರಡನ್ನೂ ಬೇರೆಯಿಟ್ಟರು. ಬರ್ಲಿನ್ನಿನದೇ ಸರಿ. ತೇರ್ಗಡೆ ಮಾಡುವವರ ಮುಂದೆ ಯಾರೂ ಮನಸ್ಸು ಪೂರ್ತಿ ಬಿಚ್ಚುವುದಿಲ್ಲ.

ಸೂಪರ್‌ವೈಸರ್ ಎಡವುವುದು ಚಂದದ ವ್ಯಾಖ್ಯಾನ ಹೇಳಿಕೊಡುವಲ್ಲಿ. ಮರುದಿನ ಟ್ರೇನಿ ಅದನ್ನೇ ಒಪ್ಪಿಸುತ್ತಾರೆ, ದನಿ ಬೇರೆಯವರದೆಂದು ಪೇಷೆಂಟಿಗೆ ತಕ್ಷಣ ಗೊತ್ತಾಗುತ್ತದೆ. ಅದಕ್ಕೇ ವಾಕ್ಯ ಕೊಡದೆ ಕೆಲಸ ಕೊಡುವುದು ಮೇಲು: ಮುಂದಿನ ವಾರ ಮೊದಲ ಹತ್ತು ನಿಮಿಷವನ್ನಷ್ಟೇ, ಒಂದು ಮಾತೂ ಬಿಡದೆ ಬರೆದು ತನ್ನಿ.